ಸಿಲಬಸ್ಸಿನ ಮೊದಲ ಪುಟ ಓದು, ಪುಟ್ಟಿ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಮೆಕ್ಯಾನಿಕಲ್ ಬಿ.ಇ.ಯ ಎರಡನೇ ವರ್ಷಕ್ಕೇ ಸೇರಿದ್ದೀಯ. ತುಂಬಾ ಸಂತೋಷ. ಸಿಲಬಸ್ಸಿನ ಶುರುವಿನಲ್ಲಿ ಪಿಇಒ, ಪಿಒ, ಸಿಒ ಅಂತ ಏನೇನೋ ಇದೆ, ಅದನ್ನು ಯಾರೂ ಓದುವುದಿಲ್ಲ ಅಂತ ಬರೆದಿದ್ದೀಯ. ನೀನು ಓದು.

ಒಂದು ಸಬ್ಜೆಕ್ಟ್ ಮುಗಿದಾಗ ನಿನಗೆ ಏನು ಮಾಡಲು ಬರಬೇಕು ಅನ್ನುವುದು ಸಿಒ, ಅಂದರೆ ಕೋರ್ಸ್ ಔಟ್‌ಕಮ್. ಡಿಗ್ರಿ ಮುಗಿಯುವ ಹೊತ್ತಿಗೆ ಬರಬೇಕಾದದ್ದು ಪಿಒ, ಪ್ರೋಗ್ರಾಂ ಔಟ್‌ಕಮ್. ಕೆಲಸಕ್ಕೆ ಸೇರಿ ಕೆಲವು ವರ್ಷ ಕಳೆದ ಮೇಲೆ ನೀನು ಯಾವ ಮಟ್ಟ ಮುಟ್ಟಿರಬೇಕು ಅನ್ನುವುದು ಪಿಇಒ, ಪ್ರೋಗ್ರಾಂ ಎಜುಕೇಶನಲ್ ಆಬ್ಜೆಕ್ಟಿವ್. ಇಂಜಿನಿಯರಿಂಗ್ ಡಿಗ್ರಿಗಳನ್ನು ಸದಸ್ಯ ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೂ ಇಂಥ ಪಟ್ಟಿಯೇ ಆಧಾರ; 2014ರಲ್ಲಿ ಭಾರತ ಅದರ ಕಾಯಂ ಸದಸ್ಯವಾಯಿತು. ನಮ್ಮಲ್ಲಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಎನ್‌ಬಿಎ; ಅದರ ಟಿಯರ್-1 ಮಾನ್ಯತೆ ಇರುವ ಕೋರ್ಸಿಗೆ ಮಾತ್ರ ಈ ಒಪ್ಪಂದದ ಲಾಭ. ನಿಮ್ಮದು ಯಾವುದು ಅಂತ ಆಫೀಸಿನಲ್ಲಿ ಕೇಳಿಕೋ.

ಎನ್‌ಬಿಎ ಪಟ್ಟಿಯಲ್ಲಿ ಬಹಳ ವರ್ಷ 12 ಪಿಒ ಇದ್ದವು. ಮೊದಲ ಐದು ಲೆಕ್ಕ, ವಿಶ್ಲೇಷಣೆ, ಡಿಸೈನ್, ಪ್ರಯೋಗ, ಟೂಲ್‌ಗಳ ಬಗ್ಗೆ. ಉಳಿದವು ಸಮಾಜ, ಪರಿಸರ, ನೀತಿ, ಟೀಮು, ಮಾತುಕತೆ, ಹಣಕಾಸು, ಕಲಿಯುತ್ತಲೇ ಇರುವುದು. ಈ ಏಳನ್ನು ಸುಮ್ನೆ ಬರೆದದ್ದು ಅಂತ ಹುಡುಗರು ಬಿಟ್ಟುಬಿಡುತ್ತಾರೆ. ಆದರೆ ಒಂದೇ ಒಂದು ಡ್ರಾಯಿಂಗ್ ತಗೋ.

ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದೇ ಟಾಲರೆನ್ಸ್. 25 ಮಿ.ಮೀ. ರಂಧ್ರಕ್ಕೆ ಎಚ್7, ಶಾಫ್ಟಿಗೆ ಜಿ6 ಅನ್ನುವ ಟಾಲರೆನ್ಸ್ ಗುರುತು ಕೊಟ್ಟೆ ಅಂದುಕೋ. ರಂಧ್ರ 25.000ದಿಂದ 25.021, ಶಾಫ್ಟ್ 24.980ಯಿಂದ 24.993. ನಡುವೆ ಕಡಿಮೆ ಅಂದರೆ 7 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲಿ ಏಳು ಪಾಲು) ಸಡಿಲ, ಜಾಸ್ತಿ ಅಂದರೆ 41. ಶಾಫ್ಟ್ ಸಲೀಸಾಗಿ ತಿರುಗುತ್ತದೆ, ಗಡಗಡ ಅಲ್ಲಾಡುವುದಿಲ್ಲ. ಇದು ಡಿಸೈನ್. ಅದೇ ಎಚ್7ಅನ್ನು ಸುಮ್ಮನೆ ಬೋಲ್ಟ್ ತೂರಿಸುವ ರಂಧ್ರಕ್ಕೂ ಬರೆದೆಯೋ, ಡ್ರಿಲ್ಲಿನಲ್ಲೇ ಮುಗಿಯುವ ಕೆಲಸಕ್ಕೆ ರಂಧ್ರವನ್ನು ನಿಖರ ಅಳತೆಗೆ ತರುವ ರೀಮರ್ ಬೇಕು, ಅದನ್ನು ಪರೀಕ್ಷಿಸುವ ಪ್ಲಗ್ ಗೇಜ್ ಬೇಕು. ಖರ್ಚು ಏರಿತು, ಲಾಭ ಸೊನ್ನೆ. ಇಲ್ಲಿಗೆ ಹಣಕಾಸು ಬಂತು. ಶಾಪಿನವರು ಫೋನ್ ಮಾಡಿ ‘ಮೇಡಂ, ಇದನ್ನು ಸ್ವಲ್ಪ ಸಡಿಲ ಮಾಡಬಹುದಾ’ ಅಂದಾಗ ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ ಅಂತ ಕಾರಣ ಸಮೇತ ಹೇಳಬೇಕು. ಅಳತೆ ತಪ್ಪಿದ ಪೀಸನ್ನು ‘ಪಾಸ್ ಮಾಡಿಬಿಡಿ’ ಅಂತ ಯಾರೋ ಒತ್ತಾಯಿಸಿದಾಗ ಆಗಲ್ಲ ಅನ್ನಬೇಕು. ಡಿಸೈನ್, ಹಣಕಾಸು, ಮಾತುಕತೆ, ನೀತಿ ಎಲ್ಲಾ ಒಂದೇ ಹಾಳೆಯಲ್ಲಿ ಬಂತು, ಅಲ್ವಾ?

ಲೇಥು, ವರ್ನಿಯರ್ ನಿನಗೆ ಹೊಸದಲ್ಲ. ಹಾಗಾಗಿ ಇದರಲ್ಲಿ ನೀನು ಮುಂದೆಯೇ ಇರುತ್ತೀಯ. ಡಿಪ್ಲೊಮಾದಿಂದ ಬಂದವರು ತಿಣುಕಾಡುವುದು ಗಣಿತದಲ್ಲಿ. ನಿಮಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿದ್ದರೆ, ಅದನ್ನು ಪಾಸಾದರೆ ಸಾಕು ಅಂತ ಓದಬೇಡ. ಹೀಟ್ ಟ್ರಾನ್ಸ್‌ಫರ್, ವೈಬ್ರೇಶನ್ ಎರಡಕ್ಕೂ ಡಿಫರೆನ್ಷಿಯಲ್ ಈಕ್ವೇಶನ್ ಬೇಕೇ ಬೇಕು.

ಸಾಫ್ಟ್‌ವೇರಿನಲ್ಲಿ ಬಣ್ಣಬಣ್ಣದ ಸ್ಟ್ರೆಸ್ ಚಿತ್ರ ಬಂದ ಕೂಡಲೇ ನಂಬಬೇಡ. ಟೂಲಿನ ಮಿತಿ ತಿಳಿದು ಬಳಸಬೇಕು ಅಂತ ಟೂಲ್‌ಗಳ ಪಿಒನಲ್ಲೇ ಇದೆ. ಒಂದು ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದಿರುವ ತೊಲೆ) ತಗೊಂಡು ಮೊದಲು ಕೈಯಲ್ಲೇ ಲೆಕ್ಕ ಮಾಡು. ತಾಳೆಯಾಗದಿದ್ದರೆ ಯೂನಿಟ್ ನೋಡು. ಎಷ್ಟೋ ಸಲ ಮಿಲಿಮೀಟರು, ಮೀಟರು ಬೆರೆತಿರುತ್ತವೆ.

ಕಾಲೇಜಿನವರು ಅಂಕಗಳನ್ನು ಕೂಡಿಸಿ, ಸಿಒ, ಪಿಒಗಳನ್ನು ಎಷ್ಟು ಮುಟ್ಟಿದಿರಿ ಅಂತ ‘ಅಟೈನ್‌ಮೆಂಟ್’ ಲೆಕ್ಕ ಹಾಕುತ್ತಾರೆ. ಅದು ಇಡೀ ಕ್ಲಾಸಿನ ಲೆಕ್ಕ. ನಿನ್ನ ಲೆಕ್ಕ ನೀನೇ ಇಡಬೇಕು. ಪ್ರತಿ ಸಿಒ ಎದುರು ‘ಪುಸ್ತಕ ಮುಚ್ಚಿ ಇದನ್ನು ಮಾಡಬಲ್ಲೆನಾ’ ಅಂತ ಕೇಳಿಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕು.

ಮಿನಿ ಪ್ರಾಜೆಕ್ಟಿಗೆ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿ ಕಡೆ ಮಾತ್ರ ಹೋಗಬೇಡ. ಡ್ರಾಯಿಂಗ್ ನೀನೇ ಮಾಡಿ, ವರ್ಕ್‌ಶಾಪಿಗೆ ಕೊಡುವ ಮೊದಲು ನನಗೊಂದು ಕಾಪಿ ಕಳಿಸು. ಟಾಲರೆನ್ಸ್ ಎಲ್ಲೆಲ್ಲಿ ಕೊಟ್ಟೆ, ಯಾಕೆ ಕೊಟ್ಟೆ ಅಂತ ಪಕ್ಕದಲ್ಲಿ ಬರೆದಿರು.

ಇಂತಿ,
ನಿನ್ನ ಮಾವ