ಘಟ್ಟದ ಗಾಡಿಗೆ ಬೂಸ್ಟರ್ ಬೇಡ, ಬೋರ್ಡ್ ಬೇಕು

ಮಾನ್ಯ ಸಂಪಾದಕರೇ,

ಈಗೀಗ ಶಿರಸಿ, ಕುಮಟಾ, ಗೋಕರ್ಣದ ಕಡೆ ಕ್ಯಾಂಪರ್ ವ್ಯಾನ್‌ಗಳು ಜಾಸ್ತಿ ಬರುತ್ತಿವೆ. ಹಾಸಿಗೆ, ಒಲೆ, ಫ್ರಿಜ್ಜು ಎಲ್ಲಾ ಒಳಗೇ, ಕೆಲವರಿಗಂತೂ ಆಫೀಸೂ ಅದರಲ್ಲೇ. ಬರಲಿ, ನಮಗೂ ಖುಷಿಯೇ. ನಾನು ಶಿರಸಿಯಲ್ಲಿ ಟೆಂಪೊ ಟ್ರಾವೆಲರ್ ಓಡಿಸುವವನು. ಚಾ ಅಂಗಡಿ ಹತ್ತಿರ ಗಾಡಿ ನಿಲ್ಲಿಸಿದರೆ ಸಾಕು, "ಅಣ್ಣಾ, ಇಲ್ಲಿ ಯಾವ ಸಿಮ್ ಹಿಡಿಯುತ್ತೆ?" ಎಂದು ಕೇಳಿಕೊಂಡು ಬರುತ್ತಾರೆ. ಅಂಥ ಕೆಲವು ಗಾಡಿಗಳಲ್ಲಿ ಮೊಬೈಲ್ ಸಿಗ್ನಲ್ ಜಾಸ್ತಿ ಮಾಡುವ ಬೂಸ್ಟರ್ ಡಬ್ಬಿ ಕಂಡೆ, ಅದಕ್ಕೇ ಈ ಪತ್ರ.

ಅಮೆರಿಕದಲ್ಲಿ ಆರ್‌ವಿ ಅನ್ನುವ ಮನೆಗಾಡಿಗಳಲ್ಲಿ ಈ ಡಬ್ಬಿ ಮಾಮೂಲು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2013ರಲ್ಲೇ ಅದಕ್ಕೆ ನಿಯಮ ಮಾಡಿದೆ, ಒಪ್ಪಿಗೆ ಪಡೆದ ಮಾಡೆಲ್ ತಗೊಂಡು ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಿದರೆ ಆಯಿತು. ಅಲ್ಲಿಯವರ ವಿಡಿಯೊ ನೋಡಿ ನಮ್ಮವರೂ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ನಮ್ಮಲ್ಲಿ ಆ ಅವಕಾಶ ಇಲ್ಲ. ಅನುಮತಿ ಇಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳಬಾರದು ಅನ್ನುವುದು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಇದೆ. ಹಣ ಕೊಟ್ಟು ತಪ್ಪು ತಗೊಂಡ ಹಾಗೆ.

ಹೋಗಲಿ, ಉಪಯೋಗಕ್ಕಾದರೂ ಬರುತ್ತಾ? ಬೂಸ್ಟರ್ ಸಿಗ್ನಲ್ ಹುಟ್ಟಿಸುವುದಿಲ್ಲ, ಇದ್ದದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಅಣಶಿ ಕಾಡಿನ ತಿರುವಿನಲ್ಲಿ ಸೊನ್ನೆ ಇದ್ದರೆ ಅದು ಸೊನ್ನೆಯೇ. ಇನ್ನೊಂದು ಕಡೆ, ನಿಮ್ಮ ಫೋನಿನ ಸಿಗ್ನಲ್ ಜೊತೆ ರೇಡಿಯೊ ಗದ್ದಲವನ್ನೂ ಟವರ್‌ಗೆ ಎಸೆಯುತ್ತದೆ, ಆ ಗದ್ದಲದಲ್ಲಿ ಟವರ್‌ಗೆ ದೂರದ ಫೋನುಗಳು ಕೇಳಿಸುವುದಿಲ್ಲ. ಊರಿಗೆಲ್ಲ ಒಂದೇ ಟವರ್ ಇರುವ ಕಡೆ ಯಾರದೋ ಮನೆಯ ಕಾಲ್ ಕಟ್ ಆಗುತ್ತದೆ, ಒಂದು ರಾತ್ರಿ ತಂಗಿ ಹೋಗುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಒಂದು ಬಿಎಸ್‌ಎನ್‌ಎಲ್ ಆದರೆ ಒಳ್ಳೆಯದು. ಘಟ್ಟದಲ್ಲಿ 5ಜಿ ಆಫ್ ಮಾಡಿ 4ಜಿಗೆ ಹಾಕಿ, ಇಲ್ಲದಿದ್ದರೆ ಫೋನು ಸುಮ್ನೆ ಟವರ್ ಹುಡುಕುತ್ತಾ ಬ್ಯಾಟರಿ ಕುಡಿಯುತ್ತದೆ. ಕಡ್ಡಿ ಎಷ್ಟಿದೆ ಎಂದು ನೋಡಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ಒಳಗೆ ಡಿಬಿಎಂ ಅಂತ ಮೈನಸ್ ಸಂಖ್ಯೆ ಇರುತ್ತದೆ, ಅದೇ ಸಿಗ್ನಲ್‌ನ ನಿಜವಾದ ಅಳತೆ. ಮೈನಸ್ 85ರ ಸುತ್ತ ಇದ್ದರೆ ಚೆನ್ನಾಗಿದೆ, ಮೈನಸ್ 115ಕ್ಕಿಂತ ಕೆಳಗಿಳಿದರೆ ವಿಡಿಯೊ ಮೀಟಿಂಗ್ ಆಸೆ ಬಿಡಿ.

ತಗಡಿನ ಬಾಡಿಯೇ ಅರ್ಧ ಸಿಗ್ನಲ್ ತಿನ್ನುತ್ತದೆ. ಗಾಡಿಯಲ್ಲೇ ಕೆಲಸ ಮಾಡುವವರು ಸಿಮ್ ಹಾಕುವ 4ಜಿ ರೂಟರ್ ಇಟ್ಟು ಅದಕ್ಕೆ ಟಾಪ್ ಮೇಲೆ ಆಂಟೆನಾ ಕೂರಿಸುವುದು ವಾಸಿ. ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಸೋರುತ್ತದೆ, ಹಾಗಾಗಿ ರೂಟರ್ ಆಂಟೆನಾದ ಹತ್ತಿರವೇ ಇರಲಿ. ನನ್ನ ಗೆಳೆಯನೊಬ್ಬ ಹಿಂದಿನ ಬಾಗಿಲಿನ ರಬ್ಬರ್ ಸಂದಿಯಲ್ಲಿ ಕೇಬಲ್ ಎಳೆದಿದ್ದ. ಆಷಾಢದ ಮಳೆಗೆ ನೀರು ಕೇಬಲ್ ಹಿಡಿದುಕೊಂಡೇ ಒಳಗಿಳಿದು ಸೀಟಿನ ಸ್ಪಂಜು ಒದ್ದೆ ಮುದ್ದೆ. ಆಮೇಲೆ ಕೇಬಲನ್ನು ಬಾಗಿಲಿನ ಹೊರಗೆ ಗೇಣುದ್ದ ಕೆಳಗೆ ಜೋತು ಬಿಟ್ಟು ಮತ್ತೆ ಮೇಲಕ್ಕೆ ತಂದು ಒಳಗೆ ಹಾಕಿದ, ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಂಟೆನಾ ಗಿಡ್ಡ ಇರಲಿ, ಯಾಣದ ದಾರಿಯ ಬಿದಿರು ಉದ್ದ ಕಂಬವನ್ನು ಉಳಿಸುವುದಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ದಾರಿ ತೋರಿಸುತ್ತದೆ. ಫೈಬರ್ ಇರುವ ಹೋಮ್‌ಸ್ಟೇಯಲ್ಲಿ ನಿಂತರೆ ವೈಫೈ ಕಾಲಿಂಗ್ ಆನ್ ಮಾಡಿ, ಟವರ್ ಬದಲು ವೈಫೈ ಮೂಲಕವೇ ಕಾಲ್ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ತುರ್ತು ಸಂಖ್ಯೆ 112ಕ್ಕೆ ಕಾಲ್ ಹೋಗುವ ಸಾಧ್ಯತೆ ಇದೆ. ಯಾವ ಟವರೂ ಇಲ್ಲದ ಕಡೆ ಮಾತ್ರ ಅದೂ ಇಲ್ಲ.

ಅದಕ್ಕೇ ಆಡಳಿತಕ್ಕೆ ನನ್ನ ಬೇಡಿಕೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ ಅಲ್ವಾ? ರಸ್ತೆ ಬಂದ್ ಆದ ಸುದ್ದಿ ಗಾಡಿಗೆ ತಲುಪಬೇಕಾದರೆ ಘಟ್ಟ ಶುರುವಾಗುವ ಮೊದಲೇ ತಲುಪಬೇಕು. ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪ ಘಟ್ಟಗಳ ಎರಡೂ ತುದಿಯಲ್ಲಿ "ಮುಂದೆ ಇಷ್ಟು ಕಿ.ಮೀ. ನೆಟ್‌ವರ್ಕ್ ಸರಿಯಾಗಿ ಸಿಗದು, ಕರೆ ಮಾಡುವುದಿದ್ದರೆ ಇಲ್ಲೇ ಮಾಡಿ" ಎಂದು ಬೋರ್ಡ್ ಹಾಕಿ, ಪಕ್ಕದಲ್ಲಿ ಗಾಡಿ ನಿಲ್ಲಿಸಲು ಜಾಗ ಕೊಡಿ. ಈಗ ತಿರುವಿನಲ್ಲೇ ಬ್ರೇಕ್ ಹಾಕಿ ಫೋನು ಎತ್ತಿ ಹಿಡಿಯುವವರಿಂದ ಹಿಂದಿನ ಲಾರಿಯವರ ಜೀವ ಬಾಯಿಗೆ ಬರುತ್ತದೆ.

2025ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಹಳ್ಳಿಗಾಡಿಗೆ ಫೋನ್ ಸೌಲಭ್ಯ ಕೊಡಲು ಇರುವ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಗ್ರಾಹಕರು ಹಂಚಿಕೊಂಡು ಬಳಸುವ ವ್ಯವಸ್ಥೆ ಶುರು ಮಾಡಿತು. ನಮ್ಮ ಜಿಲ್ಲೆಯಲ್ಲಿ ಅಂಥ ಟವರ್ ಎಲ್ಲೆಲ್ಲಿವೆ ಎಂದು ಜಿಲ್ಲಾಡಳಿತ ಊರಿನ ಹೆಸರಿನ ಸಮೇತ ಪ್ರಕಟಿಸಲಿ. ಆ ಪಟ್ಟಿ ಸಿಕ್ಕರೆ ನಾವು ಡ್ರೈವರ್‌ಗಳೇ ಪ್ರಿಂಟ್ ತೆಗೆಸಿ ಗಾಡಿಯಲ್ಲಿ ಅಂಟಿಸಿಕೊಳ್ಳುತ್ತೇವೆ.

— ಒಬ್ಬ ಟೆಂಪೊ ಚಾಲಕ, ಶಿರಸಿ