ಹೊತ್ತು ತಳ್ಳುವುದೂ ಆಟವೇ ಕಣೋ

ಲೋ ಶೀನಾ,

ನಿನ್ನ ಸಿಟ್ಟು ಇನ್ನೂ ಇಳಿದ ಹಾಗಿಲ್ಲ. 'ಮುಂದಿರುವ ಟೀಮು ಕೊನೆಗೆ ಸುಮ್ನೆ ಹೊತ್ತು ತಳ್ಳುತ್ತೆ, ಇದೂ ಒಂದು ಕಬಡ್ಡಿನಾ' ಅಂತ ಕೇಳಿದ್ದೀಯ. ನೋಡಲು ಬೇಜಾರು, ಒಪ್ಪಿದೆ. ಆದರೆ ಮೋಸ ಅಂದೆಯಲ್ಲ, ಅದನ್ನು ಮಾತ್ರ ಒಪ್ಪಲ್ಲ.

ಊರಲ್ಲಿ ಆಡುವಾಗ ನಮಗೆ ಉಸಿರೇ ಗಡಿಯಾರ. ದಮ್ಮು ಬಿಟ್ಟರೆ ಔಟು. ಹೊತ್ತು ತಳ್ಳುವ ಮಾತೆಲ್ಲಿ? ಈಗ ಪ್ರೊ ಕಬಡ್ಡಿಯಲ್ಲಿ ಒಂದು ರೈಡಿಗೆ, ಅಂದರೆ ಒಬ್ಬ ಎದುರಿನವರ ಅಂಗಳಕ್ಕೆ ನುಗ್ಗಿ ವಾಪಸ್ ಬರುವುದಕ್ಕೆ, 30 ಸೆಕೆಂಡ್ ಇದೆ. ಕೊಟ್ಟಿರುವ ಸಮಯವನ್ನು ಬಳಸಿಕೊಂಡರೆ ತಪ್ಪೇನು?

ಇಲ್ಲಿ ಮುಂಬೈಯ ಪ್ರಭಾದೇವಿ ಕಡೆ ಒಂದು ಟೂರ್ನಮೆಂಟ್ ನೋಡಲು ಹೋಗಿದ್ದೆ. ಗೆರೆ ಪಕ್ಕದಲ್ಲೇ ಕೂತಿದ್ದೆ. ಒಂದು ತಂಡದಲ್ಲಿ ಇಬ್ಬರೇ ಉಳಿದಿದ್ದರು. ಆಲೌಟ್ ಆದರೆ ಎದುರಿನವರಿಗೆ ಇನ್ನೂ ಎರಡು ಅಂಕ ಜಾಸ್ತಿ. ಇಬ್ಬರಲ್ಲಿ ಒಬ್ಬ, ಸಣಕಲು ಹುಡುಗ, ರೈಡಿಗೆ ಹೋದ. ಎದುರಿನವರ ಅಂಗಳದೊಳಗಿನ ಬಾಕ್ ಲೈನ್ ಅನ್ನುವ ಗೆರೆ ದಾಟಿದ. ದಾಟದೆ ವಾಪಸ್ ಬಂದರೆ ಅವನೇ ಔಟು, ಗೊತ್ತಲ್ಲ. ಆಮೇಲೆ ಕಾಲು ಚಾಚುವುದು, ಎಳೆದುಕೊಳ್ಳುವುದು. ಎದುರು ತಂಡದಲ್ಲಿ ಮೂಲೆ ಕಾಯುವವನು ಒಂದು ಹೆಜ್ಜೆ ಬಂದರೆ ಇವನು ಎರಡು ಹೆಜ್ಜೆ ಹಿಂದೆ. ಕಣ್ಣು ಮಾತ್ರ ಅವನ ಮೊಣಕಾಲು ಬಿಟ್ಟು ಕದಲಲಿಲ್ಲ. ಅಂಕದ ಆಸೆಯೇ ಇಲ್ಲ. ಬರಿಗೈಲಿ ಬಂದ, ಆದರೆ ಉಳಿದುಕೊಂಡು ಬಂದ. ಮುಂದಿನ ರೈಡಿಗೆ ಬಂದ ಎದುರು ತಂಡದ ದಢೂತಿ ರೈಡರನ್ನು ಆ ಇಬ್ಬರೇ ಸೇರಿ ಕೆಡವಿದರು. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಇದ್ದಾಗ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್! ಇಲ್ಲಿಯವರು ಅವ್ವಲ್ ಪಕಡ್ ಅನ್ನುತ್ತಾರೆ. ಎರಡು ಅಂಕ ಬಂತು, ಹೊರಗೆ ಕೂತಿದ್ದ ಒಬ್ಬ ಒಳಗೆ ಬಂದ. ಇದನ್ನು ಮೋಸ ಅಂತೀಯಾ?

ಮುಂದಿರುವ ತಂಡ ಹೀಗೇ ಮಾಡಿದರೆ ಮೈ ಉರಿಯುತ್ತದೆ, ನಿಜ. ಅದಕ್ಕೇ ಅಲ್ವಾ ಡು ಆರ್ ಡೈ ರೈಡ್ ಇರುವುದು? ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟು. ಅಂದರೆ ಸತಾಯಿಸುವುದಕ್ಕೂ ಲೆಕ್ಕ ಇದೆ. ಅಷ್ಟರೊಳಗೆ ಹಿಡಿಯಲಾಗದಿದ್ದರೆ ಬೈಯಬೇಕಾದದ್ದು ಹಿಂದಿರುವ ತಂಡದ ಡಿಫೆಂಡರ್‌ಗಳನ್ನು.

ಇನ್ನೊಂದು ಮಾತು. 2019ರ ಜನವರಿಯಲ್ಲಿ ಇಲ್ಲೇ ವರಳಿಯಲ್ಲಿ ಪ್ರೊ ಕಬಡ್ಡಿ ಫೈನಲ್ ನಡೆಯಿತಲ್ಲ, ಬೆಂಗಳೂರು ಬುಲ್ಸ್ 38, ಗುಜರಾತ್ 33. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಅವತ್ತು ಫೋನಿನಲ್ಲಿ 'ಟೈಮ್ ತಿನ್ರೋ, ಟೈಮ್ ತಿನ್ರೋ' ಅಂತ ಗಂಟಲು ಹರಿದುಕೊಂಡವನು ಯಾರಪ್ಪಾ?

ಇಲ್ಲಿಗೆ ಬಾ, ನಾಲ್ಕು ಮ್ಯಾಚು ಒಟ್ಟಿಗೆ ನೋಡೋಣ. ದೀಪಾವಳಿಗೆ ಬರುತ್ತೇನೆ ಅಂದೆ, ಬರಲಿಲ್ಲ. ಸಂಕ್ರಾಂತಿಗೂ ಅದೇ ಕಥೆ. ಎರಡು ರೈಡ್ ಖಾಲಿ ಹೋಯಿತು ಮಗನೇ. ಯುಗಾದಿಗೆ ಟಿಕೆಟ್ ಮಾಡಿಸದಿದ್ದರೆ ನೀನು ಔಟು.

ನಿನ್ನ,
ಗೋಪಿ