ಲೋಪೆಜ್ ತೋಳವಲ್ಲ, ಲೋಪೆಯ ಮಗ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಡ್ಡಹೆಸರುಗಳ ಬಗ್ಗೆ ಬಂದ ಬರಹ ಖುಷಿಯಿಂದ ಓದಿದೆ. ಆದರೆ ಅದರಲ್ಲಿದ್ದ ‘ಸ್ಪೇನಿನ ಲೋಪೆಜ್ ಎಂದರೆ ತೋಳ’ ಎಂಬ ಮಾತು ಅರ್ಧ ಮಾತ್ರ ಸರಿ.

ಲ್ಯಾಟಿನ್‌ನಲ್ಲಿ ತೋಳಕ್ಕೆ ‘ಲೂಪುಸ್’ ಅನ್ನುತ್ತಾರೆ. ಅದರಿಂದ ‘ಲೋಪೆ’ ಎಂಬ ಗಂಡು ಹೆಸರು ಹುಟ್ಟಿತು. ಆ ಲೋಪೆಯ ಮಗ ಲೋಪೆಜ್. ಕೊನೆಯ ‘ಎಜ್’ ಇಂಥವನ ಮಗ ಅಂತ ಹೇಳುತ್ತದೆ. ಸಾಂಚೋನ ಮಗ ಸಾಂಚೆಜ್, ರೊಡ್ರಿಗೋನ ಮಗ ರೊಡ್ರಿಗೆಜ್. ನಾಗರಾಜನ ಮಗನನ್ನು ನಾವು ಹಾವು ಅಂತ ಕರೆಯುತ್ತೇವೆಯೇ?

ಮೊದಮೊದಲು ಇದು ಮನೆತನದ ಹೆಸರೂ ಆಗಿರಲಿಲ್ಲ. ನಮ್ಮ ಇನಿಷಿಯಲ್ ಥರ, ಅಪ್ಪ ಬದಲಾದರೆ ಇದೂ ಬದಲು. ಉತ್ತರ ಸ್ಪೇನಿನ ಬಿಸ್ಕಾಯ ಸೀಮೆಯನ್ನು ಆಳಿದ ಆರೋ ಮನೆತನವನ್ನೇ ನೋಡಿ. 1212ರ ಲಾಸ್ ನಾವಾಸ್ ಯುದ್ಧದಲ್ಲಿ ಕಾದಾಡಿದವನು ದಿಯೇಗೋ ಲೋಪೆಜ್. ಅವನ ಮಗ ಲೋಪೆ ದಿಯಾಜ್, ಅಂದರೆ ದಿಯೇಗೋನ ಮಗ ಲೋಪೆ. ಮೊಮ್ಮಗ ಮತ್ತೆ ದಿಯೇಗೋ ಲೋಪೆಜ್! ಅಜ್ಜನ ಹೆಸರು ಮೊಮ್ಮಗನಿಗೆ, ನಮ್ಮಲ್ಲಿ ಇಡುವ ಹಾಗೆಯೇ ಅಲ್ವಾ? 1300ರಲ್ಲಿ ಬಿಲ್ಬಾವೊ ಪಟ್ಟಣವನ್ನು ಸ್ಥಾಪಿಸಿದವನೂ ಇದೇ ಮನೆಯ ಇನ್ನೊಬ್ಬ ದಿಯೇಗೋ ಲೋಪೆಜ್. ಕಾಲ ಕಳೆದಂತೆ ಹೆಸರು ಬದಲಾಗುವುದು ನಿಂತಿತು. ಅಪ್ಪನ ಹೆಸರು ಲೋಪೆ ಅಲ್ಲದಿದ್ದರೂ ಮಗ ಲೋಪೆಜ್ ಆಗಿಯೇ ಉಳಿದ.

ಮಂಗಳೂರಿನ ಲೋಪಿಸ್‌ಗಳ ಹೆಸರೂ ಸ್ಪೇನಿನಿಂದ ಬಂದದ್ದು ಅಂತ ಬರೆದಿದ್ದೀರಿ. ಅದು ತಪ್ಪು. ಇಲ್ಲಿಯದು ಪೋರ್ಚುಗೀಸ್ ರೂಪ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಕೊನೆಗೆ ‘ಎಸ್’ ಇರುತ್ತದೆ, ಸ್ಪೇನಿನದಕ್ಕೆ ‘ಝಡ್’. 16ನೇ ಶತಮಾನದಲ್ಲಿ ಗೋವಾದಲ್ಲಿ ಕ್ರೈಸ್ತರಾದವರಿಗೆ ಪೋರ್ಚುಗೀಸರ ಅಡ್ಡಹೆಸರುಗಳು ಸಿಕ್ಕವು. ಅವರ ಪೈಕಿ ಎಷ್ಟೋ ಕುಟುಂಬಗಳು ಆಮೇಲೆ ನಮ್ಮ ಕರಾವಳಿಗೆ ಬಂದು ನೆಲೆಸಿದವು. ಹೆಸರೊಂದನ್ನೇ ನೋಡಿ ಯುರೋಪಿನ ರಕ್ತ ಹುಡುಕುವುದು ಸುಮ್ನೆ ಕಾಲಹರಣ.

ನಿಜವಾದ ತೋಳ ಬೇಕಿದ್ದರೆ ಅದು ‘ಲೋಬೊ’. ಸ್ಪ್ಯಾನಿಷ್, ಪೋರ್ಚುಗೀಸ್ ಎರಡರಲ್ಲೂ ಅದೇ ಅರ್ಥ. ನಮ್ಮ ಬೀದಿಯಲ್ಲಿ ಲೋಬೊ ಮನೆಯ ಎದುರಿಗೇ ಲೋಪಿಸ್ ಮನೆಯಿದೆ. ಹೆಸರಿನ ಬೇರು ಹಿಡಿದು ಹೊರಟರೆ ಎರಡೂ ಕಡೆ ತೋಳವೇ ಸಿಗುತ್ತದೆ. ಜನ ಮಾತ್ರ ತೀರಾ ಸಾಧು!

ಕೊನೆಗೊಂದು ವಿನಂತಿ. ಸ್ಪ್ಯಾನಿಷ್‌ನಲ್ಲಿ ಆ ‘ಝಡ್’ ಅಕ್ಷರಕ್ಕೆ ‘ಜ್’ ಎಂಬ ಉಚ್ಚಾರವೇ ಇಲ್ಲ. ಸ್ಪೇನಿನ ಬಹುಭಾಗದಲ್ಲಿ ‘ಲೋಪೆಥ್’ ಅಂತಾರೆ, ಲ್ಯಾಟಿನ್ ಅಮೆರಿಕದಲ್ಲಿ ‘ಲೋಪೆಸ್’. ನಿಮ್ಮ ಬರಹದಲ್ಲಿ ಇದ್ದಂತೆ ನಾನೂ ಇಲ್ಲಿ ‘ಲೋಪೆಜ್’ ಎಂದೇ ಬರೆದೆ. ಮುಂದಿನ ಸಲ ಕ್ರೀಡಾಪುಟದಲ್ಲಾದರೂ ‘ಲೋಪೆಸ್’ ಅಂತ ಹಾಕಿ ನೋಡಿ.

– ಒಬ್ಬ ಓದುಗ, ಮಂಗಳೂರು